ಮಾತು ಯಾಕೆ ತುಂಡಾಗುತ್ತದೆ? ಓದುಗರ ಪ್ರಶ್ನೆಗೆ ಹಳೇ ಆಪರೇಟರಮ್ಮನ ಉತ್ತರ

ಇಂಟರ್ನೆಟ್ ಫೋನಿನ ತಾಪತ್ರಯಗಳ ಬಗ್ಗೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ರಾಶಿ ಬಂದಿವೆ. ಹೆಚ್ಚಿನವರ ದೂರು ಒಂದೇ: "ನೆಟ್ ಇದೆ, ದುಡ್ಡೂ ಕಟ್ಟುತ್ತೇವೆ, ಮಾತು ಮಾತ್ರ ಸರಿಯಿಲ್ಲ."

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ದೂರದ ಊರಿನ ಕಾಲ್‌ಗಳನ್ನು ಕೈಯಿಂದ ಜೋಡಿಸುತ್ತಿದ್ದ ಶಿವಮೊಗ್ಗದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ನೌಕರಿ ಶುರು ಮಾಡಿದವಳು ನಾನು. ಎಸ್‌ಟಿಡಿ ಬಂದು ಬೋರ್ಡುಗಳು ಮುಚ್ಚಿದ ಮೇಲೆ ಬ್ರಾಡ್‌ಬ್ಯಾಂಡ್ ದೂರು ಕೇಳುವ ಮೇಜಿಗೆ ಹಾಕಿದರು. ಅಲ್ಲೇ ನಿವೃತ್ತಿ. ಲೈನ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ಹೇಗೆ ಕೆಟ್ಟಿದೆ ಅಂತ ಕೇಳುವುದು ಅಂದಿನಿಂದ ಬಂದ ಚಾಳಿ. ತುಂಡಾಗುತ್ತದಾ, ತಡವಾಗುತ್ತದಾ, ಒಂದೇ ಕಡೆ ಕೇಳುತ್ತದಾ, ದನಿ ಮಾರ್ದನಿಸುತ್ತದಾ? ಒಂದೊಂದಕ್ಕೂ ಕಾರಣ ಬೇರೆ.

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ರಾತ್ರಿ ಊಟ ಮುಗಿಸಿ ವಾಟ್ಸಾಪ್ ಕಾಲ್ ಮಾಡುತ್ತೇವೆ. ಅವಳ ಮಾತು ನಮಗೆ ಚೆನ್ನಾಗಿ ಕೇಳುತ್ತದೆ. ನಮ್ಮ ಮಾತು ಅವಳಿಗೆ ಚೂರು ಚೂರಾಗಿ ಕೇಳುತ್ತದಂತೆ. ನಮ್ಮದು ಹಳೇ ತಾಮ್ರದ ಲೈನು. ಸ್ಪೀಡ್ ಟೆಸ್ಟ್ ಮಾಡಿದರೆ 8 ಎಂಬಿಪಿಎಸ್ ತೋರಿಸುತ್ತದೆ. ಹೊಸ ಫೋನ್ ತಗೊಳ್ಳಿ ಅಂತ ಅಳಿಯಂದಿರು ಹೇಳುತ್ತಾರೆ. ಅಂದಹಾಗೆ, ಈ ವರ್ಷ ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೇವೆ. ಅದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ.
— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಫೋನ್ ತಗೊಳ್ಳಬೇಡಿ ಮೇಡಂ. "ಅಂದಹಾಗೆ" ಅಂತ ಕೊನೆಗೆ ಬರೆದಿರಲ್ಲ, ಕಳ್ಳ ಅಲ್ಲೇ ಇದ್ದಾನೆ.

ಅವಳದ್ದು ನಿಮಗೆ ಕೇಳುತ್ತದೆ, ನಿಮ್ಮದು ಅವಳಿಗೆ ಕೇಳುವುದಿಲ್ಲ. ಹಾಗಾದರೆ ಮನೆಗೆ ಬರುವ ದಾರಿ ಸರಿಯಿದೆ, ಮನೆಯಿಂದ ಹೊರಗೆ ಹೋಗುವ ದಾರಿ ಕಟ್ಟಿಕೊಂಡಿದೆ. ಸ್ಪೀಡ್ ಟೆಸ್ಟಿನಲ್ಲಿ ನೀವು ನೋಡಿದ 8 ಡೌನ್‌ಲೋಡಿನ ಅಂಕಿ. ಅದರ ಪಕ್ಕದಲ್ಲೋ ಕೆಳಗೋ ಅಪ್‌ಲೋಡ್ ಅಂತ ಇನ್ನೊಂದು ಅಂಕಿ ಇರುತ್ತದೆ. ತಾಮ್ರದ ತಂತಿಯ ಎಡಿಎಸ್‌ಎಲ್ ಲೈನಿನಲ್ಲಿ ಅದು ಡೌನ್‌ಲೋಡಿಗಿಂತ ತುಂಬಾ ಚಿಕ್ಕದು. ಎಕ್ಸ್‌ಚೇಂಜಿನಿಂದ ದೂರ ಇರುವ ಮನೆಯಲ್ಲಂತೂ ಅರ್ಧ ಎಂಬಿಪಿಎಸ್ ಬಂದರೆ ಪುಣ್ಯ.

ಅರ್ಧ ಎಂಬಿಪಿಎಸ್ ಅಂದರೆ 512 ಕೆಬಿಪಿಎಸ್. ಮಾತಿಗೆ ಅಷ್ಟು ಸಾಲದೇ? ಧಾರಾಳ ಸಾಕು. ಡಿಜಿಟಲ್ ಎಕ್ಸ್‌ಚೇಂಜಿನ ಕಾಲದಿಂದಲೂ ಒಬ್ಬರ ದನಿಗೆ 64 ಕೆಬಿಪಿಎಸ್ ಲೆಕ್ಕ. ವಾಟ್ಸಾಪಿನಂಥ ಆ್ಯಪ್‌ಗಳು ದನಿಯನ್ನು ಇನ್ನೂ ಒತ್ತಿ ಚಿಕ್ಕದು ಮಾಡಿ ಕಳಿಸುತ್ತವೆ. ದನಿಯ ಪ್ರತಿ ತುಣುಕಿಗೂ ಅಂಟಿಸುವ ವಿಳಾಸದ ಭಾರವನ್ನೂ ಸೇರಿಸಿ 40 ಕೆಬಿಪಿಎಸ್ ಆಸುಪಾಸು ಸಿಕ್ಕರೆ ಮಾತು ಸಾಗುತ್ತದೆ. ಜಾಗ ಇದೆ. ಆದರೆ ಆ ಜಾಗದಲ್ಲಿ ನಿಮ್ಮ ಮಾತಿಗಿಂತ ಮುಂಚೆ ಬೇರೆ ಯಾರೋ ನಿಂತಿದ್ದಾರೆ.

ಹೇಗೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ನೀವು ಮೇಷ್ಟರಲ್ಲವೇ. ನಿಮ್ಮ ದನಿಯನ್ನು ಫೋನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ತುಣುಕು ಮಾಡಿ ಪ್ಯಾಕೆಟ್ ಕಟ್ಟುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್ ಆಯಿತು. ಎಲ್ಲವೂ ಚಿಕ್ಕವು. ಕ್ಯಾಮೆರಾ ಕಳಿಸುವ ವಿಡಿಯೋ ಪ್ಯಾಕೆಟ್ ದೊಡ್ಡದು, 1500 ಬೈಟ್ ತನಕ ಇರುತ್ತದೆ. 512 ಕೆಬಿಪಿಎಸ್ ಲೈನಿನಲ್ಲಿ ಅಂಥ ಒಂದೇ ಒಂದು ಪ್ಯಾಕೆಟ್ ಹೊರಗೆ ಹೋಗಲು ಸುಮಾರು 23 ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ದನಿಯ ಮುಂದಿನ ತುಣುಕೂ ಬಂದು ಹಿಂದೆ ನಿಂತಿರುತ್ತದೆ. ಮೋಡೆಮ್ಮಿನೊಳಗೆ ಹೀಗೆ 64 ಕಿಲೋಬೈಟಿನಷ್ಟು ಮಾಲು ಕ್ಯೂನಲ್ಲಿ ನಿಂತರೆ ನಿಮ್ಮ ಮಾತು ಮನೆಯಿಂದ ಹೊರಡುವುದೇ ಒಂದು ಸೆಕೆಂಡು ತಡ. ಇನ್ನೂ ಸಮುದ್ರ ದಾಟಬೇಕು!

"ಯೂಟ್ಯೂಬ್ ಚೆನ್ನಾಗಿ ಬರುತ್ತದಲ್ಲ" ಎಂದು ಎಷ್ಟೋ ಜನ ಕೇಳಿದ್ದಾರೆ. ಅದು ಬರುವ ದಾರಿಯದು, ಅದೂ ಮುಂದಿನ ಹತ್ತಾರು ಸೆಕೆಂಡಿನ ವಿಡಿಯೋವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ಮಧ್ಯೆ ಲೈನ್ ಮುಗ್ಗರಿಸಿದರೂ ಗೊತ್ತಾಗುವುದಿಲ್ಲ. ಮಾತನ್ನು ಹಾಗೆ ಮೊದಲೇ ತಂದಿಡಲು ಆಗುವುದಿಲ್ಲ, ನೀವಿನ್ನೂ ಆಡಿಯೇ ಇಲ್ಲವಲ್ಲ. ತಡವಾಗಿ ಬಂದ ತುಣುಕು ಬಂದರೂ ಒಂದೇ, ಬಿಟ್ಟರೂ ಒಂದೇ. ಆ ಕಡೆಯ ಫೋನು ಅದನ್ನು ಬಿಸಾಡಿ, ಖಾಲಿ ಜಾಗಕ್ಕೆ ಹಿಂದಿನ ದನಿಯನ್ನೇ ಎಳೆದು ತೇಪೆ ಹಚ್ಚುತ್ತದೆ. "ಅಮ್ಮಾ, ನಿನ್ನ ದನಿ ರೋಬೋಟ್ ಥರ ಬರ್ತಿದೆ" ಅಂತ ಮಗಳು ಹೇಳಿರಬೇಕು. ಅದು ಈ ತೇಪೆಯ ದನಿ.

ಕ್ಯಾಮೆರಾ ಹಗಲೂ ರಾತ್ರಿ ಚಿತ್ರವನ್ನು ಕಂಪನಿಯ ಸರ್ವರಿಗೆ ಕಳಿಸುತ್ತಾ ಇದ್ದರೆ ಅರ್ಧ ಎಂಬಿಪಿಎಸ್ ಅದಕ್ಕೇ ಸಾಲದು. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿಸಿ, ರೆಕಾರ್ಡಿಂಗ್ ಅದರಲ್ಲೇ ಆಗಲಿ. ಅಂಗಳದಲ್ಲಿ ಏನಾದರೂ ಅಲುಗಾಡಿದಾಗ ಮಾತ್ರ ಹೊರಗೆ ಕಳಿಸುವ ಹಾಗೆ ಸೆಟ್ಟಿಂಗ್ ಇರುತ್ತದೆ, ಹಾಕಿಸಿದ ಹುಡುಗನಿಗೆ ಹೇಳಿದರೆ ಮಾಡಿಕೊಡುತ್ತಾನೆ. ಕಳ್ಳ ಬಂದರೆ ಚಿತ್ರ ಸಿಕ್ಕೇ ಸಿಗುತ್ತದೆ. ಬೆಕ್ಕು ಬಂದರೂ ಸಿಗುತ್ತದೆ, ಅದು ಬೇರೆ ಮಾತು. ಜೊತೆಗೆ ಮನೆಯಲ್ಲಿರುವ ಎಲ್ಲ ಫೋನುಗಳ ಫೋಟೋ ಬ್ಯಾಕಪ್ ನೋಡಿ. ಮದುವೆ ಮನೆಯಿಂದ ಬಂದ ದಿನ ರಾತ್ರಿ ಎಲ್ಲರ ಫೋನೂ ಒಟ್ಟಿಗೆ ಫೋಟೋ ಏರಿಸಲು ಕೂರುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಲ್ಯಾಂಡ್‌ಲೈನ್ ರಿಸೀವರ್ ಎತ್ತಿ ಕಿವಿಗೆ ಹಿಡಿಯಿರಿ. ಡಯಲ್ ಟೋನಿನ ಹಿಂದೆ ಕರಕರ ಶಬ್ದ ಇದ್ದರೆ ತಂತಿಯ ಜಾಯಿಂಟಿಗೆ ನೀರು ಇಳಿದಿದೆ. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಮಾಮೂಲು. ಲೈನ್‌ಮನ್‌ಗೆ "ನೆಟ್ ಸ್ಲೋ" ಅನ್ನಬೇಡಿ, "ಲೈನಿನಲ್ಲಿ ಶಬ್ದ ಇದೆ" ಅನ್ನಿ. ಆಗ ಅವರು ಕಂಬ ಹತ್ತುತ್ತಾರೆ. ಇಲ್ಲದಿದ್ದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ಹೋಗುತ್ತಾರೆ.

ಸಮಯವನ್ನೂ ಬದಲಾಯಿಸಿ ನೋಡಿ. ರಾತ್ರಿ 8ರಿಂದ 10 ಊರಿಗೆ ಊರೇ ನೆಟ್ಟಿನ ಮೇಲೆ ಕೂತಿರುತ್ತದೆ. ಬೆಳಿಗ್ಗೆ 7ಕ್ಕೆ ಮಾಡಿದರೆ ಸಿಯಾಟಲ್‌ನಲ್ಲಿ ಬೇಸಿಗೆಯಾದರೆ ಹಿಂದಿನ ದಿನದ ಸಂಜೆ ಆರೂವರೆ, ಚಳಿಗಾಲವಾದರೆ ಐದೂವರೆ. ಮಗಳೂ ಕೆಲಸ ಮುಗಿಸಿರುತ್ತಾಳೆ. ಕಾಫಿ ಕುಡಿಯುತ್ತಾ ಮಾತಾಡಿ.

ಇನ್ನೊಂದು ಚೂರು ತಡ ಇದ್ದೇ ಇರುತ್ತದೆ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಬೆಂಗಳೂರಿನಿಂದ ಸಿಯಾಟಲ್ ನೇರ ಗೆರೆ ಎಳೆದರೂ ಸುಮಾರು 13 ಸಾವಿರ ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ದಾರಿಗೇ ಕಡಿಮೆ ಎಂದರೂ 65 ಮಿಲಿಸೆಕೆಂಡು. ಕೇಬಲ್ ನೇರ ಹೋಗುವುದಿಲ್ಲ, ಸುತ್ತಿ ಹೋಗುತ್ತದೆ, ಹಾಗಾಗಿ ಜಾಸ್ತಿಯೇ ಆಗುತ್ತದೆ. ಒಂದು ದಾರಿಗೆ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತಿಗೆ ತೊಂದರೆ ಗೊತ್ತಾಗುವುದಿಲ್ಲ ಎನ್ನುವುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿಕೊಟ್ಟ ಗೆರೆ. 400 ದಾಟಿದರೆ ಇಬ್ಬರೂ ಒಟ್ಟಿಗೆ "ಹಲೋ" ಅನ್ನುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಶುರುವಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಮನೆಯಿಂದ ಕೆಲಸ ಮಾಡುತ್ತೇನೆ. ಲೈನು 4 ಎಂಬಿಪಿಎಸ್, ಅಪ್‌ಲೋಡ್ 1. ಆಫೀಸ್ ಕಾಲ್‌ನಲ್ಲಿದ್ದಾಗ ತಂಗಿ ಏನಾದರೂ ಅಪ್‌ಲೋಡ್ ಮಾಡಿದರೆ ನನ್ನ ಮಾತು ಹೋಗುತ್ತದೆ. ದಿನಾ ಜಗಳ. ಪಿಂಗ್, ಅಂದರೆ ಸಂದೇಶ ಹೋಗಿ ಬರುವ ಹೊತ್ತು, ಅವಳ ಅಪ್‌ಲೋಡ್ ಇಲ್ಲದಾಗ 30 ಮಿಲಿಸೆಕೆಂಡು, ಇದ್ದಾಗ 900. ಏನು ಮಾಡಲಿ?
— ಸಾಫ್ಟ್‌ವೇರ್ ಕೆಲಸದ ಹುಡುಗ, ಸಾಗರ

ಪಿಂಗ್ ನೋಡುವ ಬುದ್ಧಿ ಇರುವವರಿಗೆ ಉತ್ತರ ಹೇಳುವುದು ಸಲೀಸು. ಇದೂ ಮೇಲಿನ ಮೇಡಂ ಮನೆಯ ಕ್ಯೂ ಕಾಯಿಲೆಯೇ. 30 ಇದ್ದದ್ದು 900 ಆಯಿತೆಂದರೆ ನಿನ್ನ ಲೈನು ಚೆನ್ನಾಗಿದೆ, ನಿನ್ನ ರೂಟರ್‌ಗೆ ಬುದ್ಧಿ ಇಲ್ಲ. ಬಂದದ್ದನ್ನೆಲ್ಲಾ ಬಂದ ಕ್ರಮದಲ್ಲೇ ಪೇರಿಸಿಟ್ಟುಕೊಳ್ಳುತ್ತದೆ. ಮೆಮೊರಿ ಅಗ್ಗವಾದ ಮೇಲೆ ತಯಾರಕರು ದೊಡ್ಡ ದೊಡ್ಡ ಬಫರ್, ಅಂದರೆ ಕ್ಯೂ ನಿಲ್ಲುವ ಜಾಗ, ಇಟ್ಟರು. ಬಫರ್ ದೊಡ್ಡದಾದಷ್ಟೂ ಕ್ಯೂ ಉದ್ದ. ಇದಕ್ಕೆ ಬಫರ್‌ಬ್ಲೋಟ್ ಅಂತ ಕರೆಯುತ್ತಾರೆ.

ನಮ್ಮ ಟ್ರಂಕ್ ಬೋರ್ಡಿನಲ್ಲಿ ಇದಕ್ಕೆ ಪರಿಹಾರ ಇತ್ತು. ಶಿವಮೊಗ್ಗದಿಂದ ಮುಂಬೈಗೆ ಇದ್ದ ಲೈನು ಕೆಲವೇ. ಬುಕ್ ಮಾಡಿದವರು ಬಹಳ. ಆರ್ಡಿನರಿ ಕಾಲ್ ಬುಕ್ ಮಾಡಿದವರು ಮಧ್ಯಾಹ್ನದ ತನಕ ಫೋನಿನ ಪಕ್ಕ ಕೂತೇ ಇರಬೇಕು. ಅರ್ಜೆಂಟ್ ಅಂದರೆ ಅವರಿಗಿಂತ ಮುಂದೆ. ಲೈಟ್ನಿಂಗ್ ಕಾಲ್ ಅಂದರೆ ಎಲ್ಲರನ್ನೂ ಬದಿಗೆ ಸರಿಸಿ ಕೊಡಬೇಕು, ಅದಕ್ಕೆ ಆರ್ಡಿನರಿಯ ಎಂಟು ಪಟ್ಟು ದುಡ್ಡು. ಸಾವು, ಆಸ್ಪತ್ರೆ, ಅಡಿಕೆ ಮಂಡಿಯ ರೇಟು, ಇವೇ ಜಾಸ್ತಿ ಬರುತ್ತಿದ್ದವು. ಲೈನು ಅಷ್ಟೇ ಇದ್ದರೂ ಲೈಟ್ನಿಂಗ್ ಮಾಡಿದವನಿಗೆ ತಡ ಆಗುತ್ತಿರಲಿಲ್ಲ.

ನಿನ್ನ ರೂಟರಿಗೂ ಹಾಗೆ ಕಲಿಸಬಹುದು. ಸೆಟ್ಟಿಂಗಿನಲ್ಲಿ ಯಾರಿಗೆ ಮೊದಲ ಸರದಿ ಅಂತ ಹೇಳುವ ಕ್ಯೂಒಎಸ್ ಇದ್ದರೆ ನಿನ್ನ ಲ್ಯಾಪ್‌ಟಾಪಿಗೆ ಮೊದಲ ಸ್ಥಾನ ಕೊಡು. ಅದಕ್ಕಿಂತ ಒಳ್ಳೆಯದು ಎಸ್‌ಕ್ಯೂಎಂ, ಕ್ಯೂ ಉದ್ದವಾಗದ ಹಾಗೆ ನೋಡಿಕೊಳ್ಳುವ ಏರ್ಪಾಡು. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಲು ಆಗುವ ರೂಟರುಗಳಲ್ಲಿ ಅದು ಸಿಗುತ್ತದೆ. ಅದರೊಳಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನುವ ವಿಧಾನ ಆರಿಸು. ಕೋಡೆಲ್ ಅನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದರು. ಕ್ಯೂನಲ್ಲಿ ಎಷ್ಟು ಮಾಲು ಇದೆ ಅಂತ ನೋಡುವ ಬದಲು, ಎಷ್ಟು ಹೊತ್ತಿನಿಂದ ನಿಂತಿದೆ ಅಂತ ನೋಡುವುದು ಅದರ ಜಾಣತನ. ಎಫ್‌ಕ್ಯೂ ಸೇರಿದ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಕ್ಯೂ, ಸರದಿಯಂತೆ ಎಲ್ಲರಿಗೂ ಅವಕಾಶ. ತಂಗಿಯ ದೊಡ್ಡ ಫೈಲ್ ಅದರ ಕ್ಯೂನಲ್ಲಿ ನಿಲ್ಲುತ್ತದೆ, ನಿನ್ನ ಮಾತಿನ ಚಿಕ್ಕ ಪ್ಯಾಕೆಟ್ ಪಕ್ಕದಿಂದ ಹೋಗುತ್ತದೆ.

ಒಂದು ವಿಷಯ ಮರೆಯಬೇಡ. ಅಪ್‌ಲೋಡ್ 1 ಎಂಬಿಪಿಎಸ್ ಇದ್ದರೆ ಎಸ್‌ಕ್ಯೂಎಂ ಸೆಟ್ಟಿಂಗಿನಲ್ಲಿ 850 ಕೆಬಿಪಿಎಸ್ ಅಂತ ಹಾಕು. ಸ್ವಲ್ಪ ವೇಗ ಹೋಗುತ್ತದೆ. ಹೋಗಲಿ. ನಿಜವಾದ ವೇಗಕ್ಕಿಂತ ಕಡಿಮೆ ಹಾಕಿದರೆ ಮಾತ್ರ ಕ್ಯೂ ನಿನ್ನ ರೂಟರಿನಲ್ಲಿ ನಿಲ್ಲುತ್ತದೆ, ಅದರ ಯಜಮಾನಿಕೆ ನಿನ್ನದಾಗುತ್ತದೆ. ಇಲ್ಲದಿದ್ದರೆ ಕ್ಯೂ ಕಂಪನಿಯ ಮೋಡೆಮ್ಮಿಗೆ ಹೋಗಿ ನಿಲ್ಲುತ್ತದೆ, ಅಲ್ಲಿ ನಿನ್ನ ಮಾತು ನಡೆಯುವುದಿಲ್ಲ.

ಇದೆಲ್ಲ ತಲೆನೋವು ಅನ್ನಿಸಿದವರು ಒಂದು ಪರೀಕ್ಷೆಯನ್ನಾದರೂ ಮಾಡಿ. ಫಾಸ್ಟ್ ಡಾಟ್ ಕಾಮ್ ತೆರೆದು, ಅಂಕಿ ಬಂದ ಮೇಲೆ ಹೆಚ್ಚಿನ ಮಾಹಿತಿ ಅನ್ನುವ ಗುಂಡಿ ಒತ್ತಿ. ಲೈನು ಖಾಲಿ ಇದ್ದಾಗ ಎಷ್ಟು ತಡ, ತುಂಬಿದ್ದಾಗ ಎಷ್ಟು ತಡ ಅಂತ ಎರಡು ಅಂಕಿ ಬರುತ್ತವೆ. ಎರಡರ ನಡುವೆ ಅಜಗಜಾಂತರ ಇದ್ದರೆ ನಿಮ್ಮ ಮನೆಯಲ್ಲೂ ಈ ಕಾಯಿಲೆ ಇದೆ. ದೊಡ್ಡ ಪ್ಲಾನ್ ತಗೊಂಡರೆ ತಾನಾಗಿ ವಾಸಿಯಾಗುತ್ತದೆ ಅಂತ ನಂಬಬೇಡಿ.

ಪ್ರಶ್ನೆ: ತಿಂಗಳ ಡೇಟಾ ಮುಗಿದ ಮೇಲೆ ನಮ್ಮ ಲೈನು 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಆಮೇಲೆ ಕಾಲ್ ಮಾಡಬಹುದಾ? ಒಂದು ಗಂಟೆ ಮಾತಾಡಿದರೆ ಎಷ್ಟು ಡೇಟಾ ಹೋಗುತ್ತದೆ?
— ಓದುಗರು, ಅರಸೀಕೆರೆ

ಧೈರ್ಯವಾಗಿ ಮಾಡಿ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೇ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ಆ 256ರಲ್ಲೂ ಜನ ಅಮೆರಿಕಕ್ಕೆ ಸ್ಕೈಪಿನಲ್ಲಿ ಮಾತಾಡಿದ್ದಾರೆ. ಬರಿ ಮಾತಿನ ಕಾಲ್ ಆದರೆ ಹೋಗುವುದು, ಬರುವುದು ಎರಡೂ ಸೇರಿ ಗಂಟೆಗೆ 35-40 ಎಂಬಿ ಹಿಡಿಯಿರಿ. ಒಂದು ಜಿಬಿಯಲ್ಲಿ ಇಪ್ಪತ್ತೈದು ಗಂಟೆ ಮಾತಾಡಬಹುದು, ಮಾತಾಡಲು ವಿಷಯ ಇದ್ದರೆ. ವಿಡಿಯೋ ಹಾಕಿದರೆ ಹತ್ತು ಪಟ್ಟಿಗೂ ಮೇಲೆ ಹೋಗುತ್ತದೆ. ಮೊಮ್ಮಗುವಿನ ಮುಖ ನೋಡಿ ಆಯಿತಲ್ಲ, ಆಮೇಲೆ ವಿಡಿಯೋ ನಿಲ್ಲಿಸಿ ಮಾತಾಡಿ. ವಾಟ್ಸಾಪ್ ಸೆಟ್ಟಿಂಗಿನ ಸ್ಟೋರೇಜ್ ಮತ್ತು ಡೇಟಾ ಭಾಗದಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದೆ, ಅದನ್ನೂ ಆನ್ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಇಂಟರ್ನೆಟ್ ಮೇಲೆ ನಡೆಯುವ ಟೇಬಲ್ ಫೋನ್ ಹಾಕಿಸಿದೆವು. ಕೆಲವು ಕಾಲ್‌ಗಳಲ್ಲಿ ಒಂದೇ ಕಡೆ ದನಿ ಕೇಳುತ್ತದೆ. ಕೆಲವು ಅರ್ಧ ನಿಮಿಷ ಮಾತಾಡಿದ ಮೇಲೆ ತಾವೇ ಕಟ್ ಆಗುತ್ತವೆ. ಪ್ರತಿ ಸಲವೂ ಸರಿಯಾಗಿ ಅಷ್ಟಕ್ಕೇ. ಲಾರಿ ಡ್ರೈವರುಗಳು ಬೈಯುತ್ತಿದ್ದಾರೆ. ನೆಟ್ ಸ್ಪೀಡ್ ಜಾಸ್ತಿ ಮಾಡಿಸಬೇಕಾ?
— ಮ್ಯಾನೇಜರ್, ಹುಬ್ಬಳ್ಳಿ

ಬೇಡ್ರೀ ಸರ. ಸ್ಪೀಡಿಗೂ ಇದಕ್ಕೂ ಸಂಬಂಧ ಇಲ್ಲ. "ಪ್ರತಿ ಸಲವೂ ಸರಿಯಾಗಿ ಅಷ್ಟಕ್ಕೇ" ಅಂತ ಬರೆದಿರಲ್ಲ, ಅದೇ ಸುಳಿವು. ಲೈನು ನಿಧಾನ ಆಗಿದ್ದರೆ ಮನಸ್ಸಿಗೆ ಬಂದಾಗ ಕಟ್ ಆಗುತ್ತಿತ್ತು. ಗಡಿಯಾರ ಇಟ್ಟು ನೋಡಿ, 32 ಸೆಕೆಂಡ್ ಆಸುಪಾಸು ಇರುತ್ತದೆ.

ಈ ಫೋನುಗಳು ಸಿಪ್ ಎಂಬ ಪದ್ಧತಿಯಲ್ಲಿ ಮಾತು ಶುರು ಮಾಡುತ್ತವೆ. ಒಂದು ಕಡೆಯವರು ಫೋನ್ ಎತ್ತಿದಾಗ "ಎತ್ತಿದ್ದೇನೆ" ಎಂದು ಸಂದೇಶ ಹೋಗುತ್ತದೆ. "ಸರಿ, ಗೊತ್ತಾಯಿತು" ಎಂದು ಇನ್ನೊಂದು ಕಡೆಯಿಂದ ಉತ್ತರ ಬರಬೇಕು. ಬರಲಿಲ್ಲ ಅಂದರೆ ಮತ್ತೆ ಮತ್ತೆ ಕಳಿಸಿ, 32 ಸೆಕೆಂಡ್ ಕಾದು, ಆ ಕಡೆ ಯಾರೂ ಇಲ್ಲ ಅಂತ ತೀರ್ಮಾನಿಸಿ ಕಾಲ್ ಮುಗಿಸುತ್ತದೆ. ಮಾತು ನಡೆಯುತ್ತಲೇ ಇರುತ್ತದೆ, ಪಾಪ. ಉತ್ತರ ಕಳೆದುಹೋಗುವುದು ಹೆಚ್ಚಾಗಿ ನಿಮ್ಮ ರೂಟರಿನಲ್ಲೇ. ಎಷ್ಟೋ ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎನ್ನುವ ಒಂದು ಸೌಲಭ್ಯ ಇರುತ್ತದೆ. ಸಹಾಯ ಮಾಡಲೆಂದು ಇಟ್ಟದ್ದು. ಮಾಡುವುದು ಉಪದ್ವ್ಯಾಪ: ಪ್ಯಾಕೆಟ್ ಒಳಗಿನ ವಿಳಾಸವನ್ನು ತಿದ್ದಲು ಹೋಗಿ ತಪ್ಪು ವಿಳಾಸ ಬರೆದುಬಿಡುತ್ತದೆ. ಒಂದೇ ಕಡೆ ದನಿ ಕೇಳುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ರೂಟರ್ ಸೆಟ್ಟಿಂಗಿಗೆ ಹೋಗಿ ಅದನ್ನು ಆಫ್ ಮಾಡಿಸಿ. ದುಡ್ಡು ಖರ್ಚಿಲ್ಲ.

ಸ್ಪೀಡಿನ ಮಾತು ಎತ್ತಿದಿರಲ್ಲ, ಲೈನು ನಿಜಕ್ಕೂ ನಿಧಾನ ಇದ್ದರೆ ಅದಕ್ಕೂ ದಾರಿ ಇದೆ. ಟೇಬಲ್ ಫೋನಿನ ಸೆಟ್ಟಿಂಗಿನಲ್ಲಿ ಕೋಡೆಕ್ ಅಂತ, ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುವ ವಿಧಾನಗಳ ಒಂದು ಪಟ್ಟಿ ಇರುತ್ತದೆ. ಜಿ.711 ಮೇಲಿದ್ದರೆ ಒಂದೊಂದು ಕಾಲ್‌ಗೂ ಒಂದೊಂದು ದಿಕ್ಕಿಗೆ 80 ಕೆಬಿಪಿಎಸ್‌ಗೂ ಮೇಲೆ ಬೇಕು. ಜಿ.729 ಮೇಲೆ ತಂದರೆ ಸುಮಾರು 24 ಸಾಕು. ದನಿ 8 ಕೆಬಿಪಿಎಸ್ ಮಾತ್ರ, ಉಳಿದ 16 ವಿಳಾಸದ ಚೀಟಿಯದು. ಒಂದೊಂದು ಪ್ಯಾಕೆಟ್‌ಗೂ 40 ಬೈಟ್ ವಿಳಾಸ, ಸೆಕೆಂಡಿಗೆ 50 ಪ್ಯಾಕೆಟ್. ಕಾಗದಕ್ಕಿಂತ ಲಕೋಟೆಯೇ ಭಾರ! ದನಿ ಸ್ವಲ್ಪ ಮಂಕಾಗುತ್ತದೆ. ಲಾರಿ ಎಲ್ಲಿದೆ ಅಂತ ಕೇಳಲು ಅಷ್ಟು ಸಾಕಲ್ಲ.

ಪ್ರಶ್ನೆ: ನಮ್ಮ ಎಸ್ಟೇಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಗುಡ್ಡ ಹತ್ತಬೇಕು. ಈಚೆಗೆ ಮನೆಗೆ ಫೈಬರ್ ಬಂತು. ವಾಟ್ಸಾಪ್ ಇಲ್ಲದವರ ಜೊತೆ, ಬ್ಯಾಂಕಿನವರ ಜೊತೆ ಮಾತಾಡಲು ದಾರಿ ಇದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಇದೆ, ಗುಡ್ಡ ಹತ್ತುವುದು ಇನ್ನು ವ್ಯಾಯಾಮಕ್ಕೆ ಮಾತ್ರ. ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ಇರುವ ಜಾಗಕ್ಕೆ ಹೋಗಿ ವೈಫೈ ಕಾಲಿಂಗ್ ಅಂತ ಹುಡುಕಿ, ಆನ್ ಮಾಡಿ. ನಿಮ್ಮ ಅದೇ ನಂಬರಿನಿಂದ, ಅದೇ ಡಯಲರಿನಿಂದ ಯಾವ ನಂಬರಿಗಾದರೂ ಮಾಡಬಹುದು. ಕಾಲ್ ಟವರಿನ ಬದಲು ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಯಾವ ಕಂಪನಿಯ ಬ್ರಾಡ್‌ಬ್ಯಾಂಡ್ ಆದರೂ ನಡೆಯುತ್ತದೆ. ಸಿಮ್ ಕಂಪನಿ ಮತ್ತು ಫೋನಿನ ಮಾಡೆಲ್ ಇದಕ್ಕೆ ಒಪ್ಪಬೇಕು, ಅಷ್ಟೇ. ಬ್ಯಾಂಕಿನ ಒಟಿಪಿ ಸಾಮಾನ್ಯವಾಗಿ ಇದರಲ್ಲೇ ಬರುತ್ತದೆ. ಮಾತಾಡುತ್ತಾ ತೋಟಕ್ಕೆ ಇಳಿಯಬೇಡಿ. ವೈಫೈ ಮುಗಿದಲ್ಲಿ ಮಾತೂ ಮುಗಿಯುತ್ತದೆ.

ವಾಟ್ಸಾಪಿನಿಂದ ತುರ್ತು ನಂಬರು 112ಕ್ಕೆ ಕಾಲ್ ಹೋಗುವುದಿಲ್ಲ ಎನ್ನುವುದನ್ನು ಮನೆಯವರಿಗೆಲ್ಲ ಹೇಳಿಡಿ.

ಪ್ರಶ್ನೆ: ತಾಮ್ರದ ಲೈನು ತೆಗೆದು ಫೈಬರ್ ಕೊಟ್ಟರು. ಲ್ಯಾಂಡ್‌ಲೈನ್ ನಂಬರು ಅದೇ ಇದೆ. ಮೊದಲು ಮೂರು ದಿನ ಕರೆಂಟು ಇಲ್ಲದಿದ್ದರೂ ಫೋನ್ ಇರುತ್ತಿತ್ತು. ಈಗ ಕರೆಂಟು ಹೋದ ಕೂಡಲೇ ಫೋನೂ ಹೋಗುತ್ತದೆ. ಇದು ಎಂಥಾ ಸುಧಾರಣೆ?
— ಹಿರಿಯ ನಾಗರಿಕರು, ಸಿರ್ಸಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ ಯಜಮಾನರೇ. ಹಳೇ ಫೋನಿಗೆ ನಿಮ್ಮ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಒಂದು ಬ್ಯಾಟರಿ ರೂಮ್ ಇರುತ್ತಿತ್ತು, ಒಳಗೆ ಕಾಲಿಟ್ಟರೆ ಆ್ಯಸಿಡ್ ವಾಸನೆ. ಸಾಲಾಗಿ ದೊಡ್ಡ ದೊಡ್ಡ ಸೆಲ್ಲುಗಳು. ಅಲ್ಲಿಂದ 48 ವೋಲ್ಟ್ ಕರೆಂಟು ಅದೇ ತಾಮ್ರದ ತಂತಿಯಲ್ಲಿ ನಿಮ್ಮ ಫೋನಿನ ತನಕ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಟೋನ್. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ. ಈಗ ನಿಮ್ಮ ಲ್ಯಾಂಡ್‌ಲೈನೂ ಒಳಗೊಳಗೆ ಇಂಟರ್ನೆಟ್ ಫೋನೇ. ಗೋಡೆಗೆ ಹೊಡೆದ ಆ ಡಬ್ಬಿ, ಓಎನ್‌ಟಿ ಅನ್ನುತ್ತಾರೆ, ನಿಮ್ಮ ದನಿಯನ್ನು ಪ್ಯಾಕೆಟ್ ಮಾಡಿ ಕಳಿಸುತ್ತದೆ. ಅದಕ್ಕೆ ಕರೆಂಟು ಬೇಕು.

ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಒಂದೆರಡು ಸಾವಿರ ರೂಪಾಯಿಯ ಒಳಗೆ ಆಗುತ್ತದೆ, ಕೆಲವು ಗಂಟೆ ನಡೆಸುತ್ತದೆ. ಓಎನ್‌ಟಿ, ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ತಗೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇನ್ನೂ ಸುಲಭ, ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಟಿವಿಗೆ ಮಾಡಿಸಿಕೊಂಡಿರುತ್ತೀರಿ, ಇದಕ್ಕೆ ಯಾರಿಗೂ ನೆನಪಾಗುವುದಿಲ್ಲ.

ಇಷ್ಟು ಮಾಡಿದರೂ ಕರೆಂಟು ಹೋದಾಗ ಫೋನ್ ಸತ್ತರೆ ತೊಂದರೆ ಕಂಬದ ಮೇಲಿದೆ. ಎಕ್ಸ್‌ಚೇಂಜಿನಿಂದ ಮನೆಯ ತನಕ ನಡುವೆ ಕರೆಂಟಿನ ಯಂತ್ರವೇ ಇಲ್ಲದ ಹಾಗೆ ಎಳೆಯುವ ಪದ್ಧತಿ ಇದೆ, ಅದು ಒಳ್ಳೆಯದು. ಕೆಲವು ಕಡೆ ಕೇಬಲ್‌ನವರು ಮಧ್ಯದಲ್ಲಿ ಸ್ವಿಚ್ ಇಟ್ಟು, ಯಾರದೋ ಮನೆಯಿಂದ ಕರೆಂಟು ತಗೊಂಡಿರುತ್ತಾರೆ. ಆ ಮನೆಯಲ್ಲಿ ಕರೆಂಟು ಹೋದರೆ ಬೀದಿಗೇ ಫೋನ್ ಇಲ್ಲ. ಓಎನ್‌ಟಿ ಮೇಲೆ ಎಲ್‌ಓಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ದೂರು ಕೊಡುವಾಗ ಅದನ್ನು ಹೇಳಿ.

ಪ್ರಶ್ನೆ: 100 ಎಂಬಿಪಿಎಸ್ ಹಾಕಿಸಿದ ಮೇಲೂ ಅಡುಗೆಮನೆಯಿಂದ ಕಾಲ್ ಮಾಡಿದರೆ ಮಾತು ತುಂಡಾಗುತ್ತದೆ. ಜಗಲಿಯಲ್ಲಿ ಸರಿ. ನಮ್ಮದು ಹಳೇ ತೊಟ್ಟಿಮನೆ.
— ಗೃಹಿಣಿ, ಹೊಸನಗರ

ನಿಮ್ಮ ಅಜ್ಜನ ಕಾಲದ ಮಣ್ಣಿನ ಗೋಡೆಯನ್ನು ವೈಫೈ ದಾಟುವುದು ಕಷ್ಟ. ರೂಟರ್ ಜಗಲಿಯ ಮೂಲೆಯಲ್ಲಿ, ಟಿವಿಯ ಹಿಂದೆ ಇರಬೇಕು ಅಲ್ವಾ? ಹೊರಗಿನಿಂದ ಕೇಬಲ್ ಬಂದದ್ದು ಅಲ್ಲಿಗೆ ಅಂತ ಎಲ್ಲರ ಮನೆಯಲ್ಲೂ ಅಲ್ಲೇ ಇಡುತ್ತಾರೆ. ನಡುಮನೆಗೆ ತಂದು ಎತ್ತರದಲ್ಲಿಡಿ. ಆಗದಿದ್ದರೆ ಅಡುಗೆಮನೆಯ ತನಕ ಒಂದು ಲ್ಯಾನ್ ವಯರ್ ಎಳೆಸಿ, ಅಲ್ಲೊಂದು ಪುಟ್ಟ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಡಬ್ಬಿ, ಹಾಕಿಸಿ. ವಯರ್ ಇಲ್ಲದೆ ಸಿಗ್ನಲ್ ಮುಂದೂಡುವ ಅಗ್ಗದ ಡಬ್ಬಿಗಳು ವಿಡಿಯೋ ನೋಡಲು ಪರವಾಗಿಲ್ಲ, ಮಾತಿಗೆ ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಫೋನಿನಲ್ಲಿ ಎರಡು ವೈಫೈ ಹೆಸರು ಕಂಡರೆ ದೂರಕ್ಕೆ 2.4 ಗಿಗಾಹರ್ಟ್ಸಿನದು, ಹತ್ತಿರಕ್ಕೆ 5ರದ್ದು. ಮೈಕ್ರೋವೇವ್ ಓವನ್ ಓಡುವಾಗ ಮಾತ್ರ 2.4ರಲ್ಲಿ ಮಾತು ಕೆಡುವುದು ಸಹಜ, ಎರಡೂ ಒಂದೇ ಅಲೆಯ ಪಟ್ಟಿಯವು.

ಪ್ರಶ್ನೆ: ಮಗ ದುಬೈಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿಂದ ವಾಟ್ಸಾಪ್ ಮೆಸೇಜ್ ಬರುತ್ತದೆ, ಕಾಲ್ ಮಾತ್ರ ಹೋಗುವುದೇ ಇಲ್ಲ. ನಮ್ಮ ನೆಟ್ ನಿಧಾನ ಅಂತಲೇ?
— ತಾಯಿ, ಕುಂದಾಪುರ

ಇಲ್ಲಮ್ಮ, ನಿಮ್ಮ ನೆಟ್ಟಿನ ತಪ್ಪು ಏನೂ ಇಲ್ಲ. ಯುಎಇಯಲ್ಲಿ ವಾಟ್ಸಾಪ್ ಕಾಲ್‌ಗೆ ಅನುಮತಿ ಇಲ್ಲ. ಸಂದೇಶ, ಫೋಟೋ, ದನಿ ಸಂದೇಶ ಹೋಗುತ್ತವೆ, ಕಾಲ್ ಹೋಗುವುದಿಲ್ಲ. ಅಲ್ಲಿ ಒಪ್ಪಿಗೆ ಪಡೆದ ಆ್ಯಪ್‌ಗಳಿವೆ, ಬೋಟಿಮ್ ಅಂಥದ್ದೊಂದು. ಮಗನ ಫೋನಿನಲ್ಲಿ, ನಿಮ್ಮ ಫೋನಿನಲ್ಲಿ ಎರಡರಲ್ಲೂ ಹಾಕಿಕೊಳ್ಳಿ. ರೂಮಿನ ಗೆಳೆಯರು ನೆಟ್ಟಿನ ದಾರಿ ಮರೆಮಾಡುವ ವಿಪಿಎನ್ ಹಾಕಿಕೊಂಡು ವಾಟ್ಸಾಪ್ ಕಾಲ್ ಮಾಡು ಅಂತ ಹೇಳಿಕೊಡಬಹುದು. ಬೇಡ ಅನ್ನಿ. ನಿಷೇಧವನ್ನು ದಾಟಲು ವಿಪಿಎನ್ ಬಳಸುವುದು ಅಲ್ಲಿ ಅಪರಾಧ, ದಂಡ ಲಕ್ಷಗಳ ಲೆಕ್ಕದಲ್ಲಿದೆ. ಹೊಸದಾಗಿ ಕೆಲಸಕ್ಕೆ ಹೋದ ಹುಡುಗನಿಗೆ ಆ ಉಸಾಬರಿ ಯಾಕೆ?

ಪ್ರಶ್ನೆ: ಅಣ್ಣನಿಗೆ ಕಾಲ್ ಮಾಡಿದಾಗಲೆಲ್ಲ ನನ್ನ ಮಾತು ನನಗೇ ತಿರುಗಿ ಕೇಳುತ್ತದೆ. ನನ್ನ ಫೋನ್ ರಿಪೇರಿಗೆ ಕೊಟ್ಟೆ, ಏನೂ ತೊಂದರೆ ಇಲ್ಲ ಅಂದರು.
— ಓದುಗರು, ಚನ್ನಪಟ್ಟಣ

ರಿಪೇರಿಯವರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಮಾತು ನಿಮಗೆ ತಿರುಗಿ ಕೇಳಿದರೆ ತೊಂದರೆ ಆ ಕಡೆ. ಅಣ್ಣ ಸ್ಪೀಕರ್ ಜೋರಾಗಿ ಇಟ್ಟುಕೊಂಡು ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಿರಬೇಕು. ಅವರ ಸ್ಪೀಕರಿನಿಂದ ಬಂದ ನಿಮ್ಮ ದನಿಯನ್ನು ಅವರದೇ ಮೈಕು ಹಿಡಿದು ವಾಪಸ್ ಕಳಿಸುತ್ತದೆ. ಫೋನೊಳಗೆ ಇದನ್ನು ಅಳಿಸುವ ಏರ್ಪಾಡು ಇದೆ, ದನಿ ಮಿತಿ ಮೀರಿದರೆ ಅದೂ ಸೋಲುತ್ತದೆ. ಇಯರ್‌ಫೋನ್ ಹಾಕಿಕೊಳ್ಳಲು ಅಣ್ಣನಿಗೆ ಹೇಳಿ. ಕೇಳದಿದ್ದರೆ ಅತ್ತಿಗೆಗೆ ಹೇಳಿ.